ತುಂಬಿದ ಕೊಡವೂ ಕೊಂಚ ತುಳುಕಬೇಕೇ?

2025ರ ಜುಲೈ ಕೊನೆಯಲ್ಲಿ ಟಿಸಿಎಸ್ ತನ್ನ ಸಿಬ್ಬಂದಿಯಲ್ಲಿ ಶೇ 2ರಷ್ಟು, ಅಂದರೆ ಸುಮಾರು 12 ಸಾವಿರ ಮಂದಿಯನ್ನು ಕಡಿತಗೊಳಿಸುವುದಾಗಿ ಹೇಳಿತು. ಪುಣೆಯ ಹಿಂಜವಡಿಯಲ್ಲಿ ದುಡಿಯುವ ನಮ್ಮ ಕನ್ನಡಿಗರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಎರಡು ದಿನ ಬೇರೆ ಮಾತೇ ಇರಲಿಲ್ಲ. ಪೆಟ್ಟು ಮುಖ್ಯವಾಗಿ ಮಧ್ಯಮ ಮತ್ತು ಹಿರಿಯ ಹಂತದವರಿಗೆ ಎಂಬುದು ನಲವತ್ತು ದಾಟಿದ ನಮ್ಮನ್ನು ಕಂಗೆಡಿಸಿತ್ತು. ಆ ಕಂಪನಿಗೆ ಸಂಬಂಧವೇ ಇಲ್ಲದವರೂ ಆ ವಾರ ತಮ್ಮ ಲಿಂಕ್ಡ್‌ಇನ್ ಪುಟದ ಧೂಳು ಒರೆಸಿದರು.

ನನಗೆ ಈ ಭಯ ಹೊಸದಲ್ಲ. ಅದಕ್ಕೂ ಎರಡು ವರ್ಷ ಮೊದಲು ನಾನಿದ್ದ ಪ್ರಾಜೆಕ್ಟ್ ಮುಚ್ಚಿ, ನಾನು ಬೆಂಚಿಗೆ ಬಂದಿದ್ದೆ. ಅದೇ ಕಂಪನಿಯ ಇನ್ನೊಂದು ಪ್ರಾಜೆಕ್ಟಿಗೆ ಸಂದರ್ಶನ. ಕೇಳಿದ ಪ್ರತಿ ಪ್ರಶ್ನೆಗೂ ‘ನಮ್ಮ ಟೀಮ್’ ಎಂದೇ ಉತ್ತರ ಶುರು ಮಾಡುತ್ತಿದ್ದೆ. ಮೂರನೇ ಸಲ ಎದುರಿಗಿದ್ದ ಮ್ಯಾನೇಜರ್, ‘ಟೀಮ್ ಇರಲಿ, ನೀವು ಏನು ಮಾಡಿದಿರಿ?’ ಎಂದರು. ಹದಿನಾರು ವರ್ಷದ ಅನುಭವ ಬಾಯಿಗೆ ಬರಲಿಲ್ಲ. ಆಯ್ಕೆಯೂ ಆಗಲಿಲ್ಲ. ಅದೇ ವಾರ ಗದಗಿನಿಂದ ಅಪ್ಪ ಫೋನಿನಲ್ಲಿ, ‘ತಮ್ಮಾ, ನೀ ಖರೇ ಏನ್ ಕೆಲಸಾ ಮಾಡ್ತಿ? ಮಂದಿ ಕೇಳಿದ್ರ ನನಗ ಹೇಳಾಕ ಬರಂಗಿಲ್ಲ’ ಎಂದರು. ಎರಡೂ ಒಂದೇ ಪ್ರಶ್ನೆ ಎಂದು ಆಗ ಹೊಳೆಯಿತು.

‘ಪರ್ಸನಲ್ ಬ್ರ್ಯಾಂಡ್’ ಎಂಬ ಮಾತು ಈಗಿನದಲ್ಲ. 1997ರಲ್ಲಿ ಅಮೆರಿಕದ ‘ಫಾಸ್ಟ್ ಕಂಪನಿ’ ಪತ್ರಿಕೆಯಲ್ಲಿ ಮ್ಯಾನೇಜ್‌ಮೆಂಟ್ ಲೇಖಕ ಟಾಮ್ ಪೀಟರ್ಸ್ ಬರೆದ ಪ್ರಬಂಧ ಅದನ್ನು ಜನಪ್ರಿಯಗೊಳಿಸಿತು. ನಿಮ್ಮ ಕಂಪನಿಗೆ ನೀವೇ ಮುಖ್ಯಸ್ಥರು ಎಂಬುದು ಅದರ ತಿರುಳು. ನಮ್ಮ ಐಟಿ ವಲಯಕ್ಕೆ ಆಗ ಅದು ಬೇಕಿರಲಿಲ್ಲ. ವರ್ಷ ಕಳೆದಂತೆ ಬಡ್ತಿ ಸಿಗುತ್ತಿತ್ತು, ಕಂಪನಿಯ ಹೆಸರೇ ನಮ್ಮ ಹೆಸರಾಗಿತ್ತು. ಈಗ ಸಮನ್ವಯ ಮಾಡುವ ನಡು ಹಂತವೇ ತೆಳುವಾಗುತ್ತಿದೆ. ನೇಮಕಾತಿಯವರು ಕೌಶಲದ ಹೆಸರು ಹಾಕಿ ಹುಡುಕುತ್ತಾರೆ. ಆ ಪದ ನಿಮ್ಮ ಪುಟದಲ್ಲಿ ಇಲ್ಲದಿದ್ದರೆ ಅವರ ಪಾಲಿಗೆ ನೀವೂ ಇಲ್ಲ.

ಊರು ಬಿಟ್ಟವರಿಗೆ ಇದು ಇನ್ನೂ ಬಿಗಿ. ಸ್ಥಳೀಯರಿಗೆ ಓದಿದ ಕಾಲೇಜು, ನೆಂಟರು, ಗಲ್ಲಿಯ ಗೆಳೆಯರು ಇರುತ್ತಾರೆ. ನಮಗೆ ಬಾಡಿಗೆ ಮನೆ ಮತ್ತು ಆಫೀಸು. ಆಫೀಸಿನ ಕಾರ್ಡು, ಇಮೇಲು ಬಂದಾದ ದಿನ ಅಷ್ಟೂ ವರ್ಷದ ಮೆಚ್ಚುಗೆಯ ಪತ್ರಗಳೂ ಅಲ್ಲೇ ಉಳಿಯುತ್ತವೆ. ಅದರ ಮೇಲೆ ‘ತುಂಬಿದ ಕೊಡ ತುಳುಕುವುದಿಲ್ಲ’ ಎಂಬ ಸಂಸ್ಕಾರ ಬೇರೆ. ಎಲೆಮರೆಯ ಕಾಯಿಯಾಗಿರುವುದನ್ನು ನಾವು ಗುಣವೆಂದೇ ತಿಳಿದವರು.

ಹಾಗೆಂದು ಸದ್ದು ಮಾಡುವುದೇ ಪರಿಹಾರವಲ್ಲ. ಗಾಬರಿಯಲ್ಲಿ ನಾನೂ ದುಡ್ಡು ಕೊಟ್ಟು ಪ್ರೊಫೈಲ್ ಬರೆಸಿದೆ. ನಾನು ಮುಟ್ಟದ ತಂತ್ರಜ್ಞಾನದಲ್ಲೂ ನನ್ನನ್ನು ‘ತಜ್ಞ’ ಎಂದು ಬರೆದುಕೊಟ್ಟರು. ಒಂದು ಸಂದರ್ಶನದಲ್ಲಿ ಐದೇ ನಿಮಿಷಕ್ಕೆ ಬಣ್ಣ ಬಯಲಾಯಿತು, ಅದನ್ನು ಅಂದೇ ಅಳಿಸಿದೆ. ಷೇರು ಪೇಟೆಯ ಇನ್‌ಫ್ಲುಯೆನ್ಸರ್‌ಗಳಿಗೆ ಸೆಬಿ ಮೂಗುದಾರ ಹಾಕಿದೆ. ಹೂಡಿಕೆಯ ಪಾಠ ಹೇಳುವವರು ಕಳೆದ ಮೂರು ತಿಂಗಳ ಷೇರು ದರ ಬಳಸುವಂತಿಲ್ಲ ಎಂದು 2025ರ ಜನವರಿಯಲ್ಲಿ ಸ್ಪಷ್ಟಪಡಿಸಿತು. ವೃತ್ತಿಯ ಬಗ್ಗೆ ಕೊಚ್ಚಿಕೊಳ್ಳುವವರಿಗೆ ಅಂಥ ಕಾವಲುಗಾರ ಇಲ್ಲ. ಆದರೆ ಪರಿಶೀಲನೆ ಇದೆ. ಎಲ್ಲಿ ಎಷ್ಟು ದಿನ ಕೆಲಸ ಮಾಡಿದಿರಿ ಎಂಬುದನ್ನು ಪಿಎಫ್ ದಾಖಲೆಯೇ ಹೇಳುತ್ತದೆ. ಉಳಿದದ್ದನ್ನು ಹಳೆಯ ಸಹೋದ್ಯೋಗಿಗಳು ಹೇಳುತ್ತಾರೆ.

ಮುಂಬೈಗೆ ಹೋದಾಗ ಮಾಟುಂಗದ ಉಡುಪಿ ಹೋಟೆಲಿಗೆ ಹೋಗದೆ ಬರುವುದಿಲ್ಲ. ಕರಾವಳಿಯಿಂದ ಬಂದವರು ಆ ಹೆಸರನ್ನು ಕಟ್ಟಿದ್ದು ಇವತ್ತಿನ ಸಾಂಬಾರು ನಾಳೆಯೂ ಹಾಗೇ ಇರುತ್ತದೆ ಎಂಬ ನಂಬಿಕೆಯಿಂದ. ಆದರೆ ಅವರೂ ಬಾಗಿಲಿಗೆ ಬೋರ್ಡು ಹಾಕಿದ್ದರು ಎಂಬುದನ್ನು ಮರೆಯಬಾರದು. ಅಡುಗೆ ಚೆನ್ನಾಗಿದ್ದರೂ ಬೋರ್ಡಿಲ್ಲದಿದ್ದರೆ ಹೊಸಬ ಒಳಗೆ ಬರುವುದು ಹೇಗೆ?

ನಾನು ಹಾಕಿದ ಬೋರ್ಡು ಚಿಕ್ಕದು. ತಿಂಗಳ ಕೊನೆಯ ಶುಕ್ರವಾರ ಒಂದು ನೋಟ್‌ಬುಕ್ಕಿನಲ್ಲಿ ಮೂರು ಸಾಲು ಬರೆಯುತ್ತೇನೆ: ಸಮಸ್ಯೆ ಏನಿತ್ತು, ನಾನು ಏನು ಮಾಡಿದೆ, ಏನು ಬದಲಾಯಿತು. ಗ್ರಾಹಕರ ಹೆಸರು, ಮಾಹಿತಿ ಅದರಲ್ಲಿ ಬರುವುದಿಲ್ಲ. ಅದು ಕಂಪನಿಯ ಸೊತ್ತು. ಅದರಿಂದ ಕಲಿತ ಪಾಠವನ್ನು ಮಾತ್ರ ಆಗಾಗ ನನ್ನದೇ ಮಾತಿನಲ್ಲಿ ಲಿಂಕ್ಡ್‌ಇನ್‌ಗೆ ಹಾಕುತ್ತೇನೆ. ತಿಂಗಳ ಕೊನೆಯ ಲೆಕ್ಕ ತಾಳೆಯಾಗದಿದ್ದಾಗ ಎಲ್ಲಿಂದ ಹುಡುಕಬೇಕು ಎಂಬ ಬರಹಕ್ಕೆ ನಲವತ್ತು ಲೈಕ್ ಕೂಡ ಬಂದಿರಲಿಲ್ಲ. ಅದನ್ನು ಓದಿದ ಚೆನ್ನೈನ ಹಳೆಯ ಸಹೋದ್ಯೋಗಿಯೊಬ್ಬರು ಫೋನ್ ಮಾಡಿದರು. ಈಗಿನ ಕೆಲಸ ಸಿಕ್ಕಿದ್ದು ಆ ಕರೆಯಿಂದ.

ಎಲ್ಲರಿಗೂ ಹೀಗೇ ಆಗುತ್ತದೆ ಎನ್ನಲಾರೆ. ಚೆನ್ನಾಗಿ ಕೆಲಸ ಮಾಡಿ, ಚೆನ್ನಾಗಿ ಹೇಳಿಕೊಂಡವರೂ ಕೆಲಸ ಕಳೆದುಕೊಂಡಿದ್ದಾರೆ. ಕಂಪನಿಗಳ ನಿರ್ಧಾರದ ಹೊರೆಯನ್ನು ನೌಕರನ ‘ಬ್ರ್ಯಾಂಡ್’ ಮೇಲೆ ಹೊರಿಸುವುದು ಅನ್ಯಾಯ. ಆದರೆ ನಮ್ಮ ಕೆಲಸ ನಮಗೇ ಹೇಳಲು ಬರದಿದ್ದರೆ ನಷ್ಟ ನಮ್ಮದೇ.

ಕಳೆದ ದೀಪಾವಳಿಗೆ ಊರಿಗೆ ಹೋದಾಗ ಅಪ್ಪನಿಗೆ ಹೇಳಿದೆ: ‘ಬ್ಯಾಂಕಿನ ಲೆಕ್ಕ ರಾತ್ರಿ ತಪ್ಪಿದ್ರ, ಮುಂಜಾನೆ ಬಾಗಿಲು ತೆಗೆಯೋದ್ರಾಗ ಸರಿ ಮಾಡ್ತೀನಿ ಅಪ್ಪಾ.’ ಸಂಜೆ ಕಟ್ಟೆಯ ಮೇಲೆ ಕೂತು ಅವರು ಪಕ್ಕದ ಮನೆಯವರಿಗೆ ಅದನ್ನೇ ಹೇಳುತ್ತಿದ್ದರು.