ದೋಣಿಯೆಂಜಿನ್ನಿನ ಗೇರು



ನಮ್ಮ ಕರಾವಳಿಯ ನಾಡದೋಣಿಗಳ ಹಿಂಬದಿಗೆ ಸಿಕ್ಕಿಸಿದ ಔಟ್‌ಬೋರ್ಡ್ ಎಂಜಿನ್ನನ್ನು ನಿಮ್ಮಲ್ಲಿ ಅನೇಕರು ನೋಡಿರಬಹುದು. ಗೇರಿನ ಹಿಡಿಯನ್ನು ಒಂದು ಕಡೆಗೆ ಸರಿಸಿದರೆ ದೋಣಿಯು ಮುಂದೆ ಹೋಗುವುದು. ಇನ್ನೊಂದು ಕಡೆಗೆ ಸರಿಸಿದರೆ ಹಿಂದಕ್ಕೆ ಬರುವುದು. ಎಂಜಿನ್ನಾದರೋ ಸದಾ ಒಂದೇ ದಿಕ್ಕಿಗೆ ತಿರುಗುತ್ತಿರುವುದು. ಇದು ಹೇಗೆ ಸಾಧ್ಯವೆಂಬುದನ್ನು ಈ ಸಲ ವಿಚಾರಮಾಡೋಣ.

ಅಮೆರಿಕದ ಓಲೆ ಎವಿನ್‌ರೂಡನು ೧೯೦೯ರಲ್ಲಿ ಮಾರಾಟಕ್ಕೆ ತಂದ ಎಂಜಿನ್ನಿನಲ್ಲಿ ಈ ಏರ್ಪಾಡು ಇರಲಿಲ್ಲ. ಎಂಜಿನ್ನು ತಿರುಗತೊಡಗಿತೆಂದರೆ ದೋಣಿ ಹೊರಟಿತೆಂದೇ ಅರ್ಥ. ೧೯೪೯ರಲ್ಲಿ ಬಂದ ಜಾನ್ಸನ್ ಕಂಪೆನಿಯ ೧೦ ಕುದುರೆಶಕ್ತಿಯ ಎಂಜಿನ್ನಿನಲ್ಲಿ ಮುನ್ನಡೆ, ತಟಸ್ಥ, ಹಿನ್ನಡೆ ಎಂಬ ಮೂರು ಸ್ಥಿತಿಗಳೂ ಇದ್ದುವು.

ಅದರ ಕ್ರಮವೆಂತೆಂದರೆ: ಎಂಜಿನ್ನಿನಿಂದ ನೆಟ್ಟಗೆ ಕೆಳಗಿಳಿದ ದಂಡದ ತುದಿಯಲ್ಲಿ ಒಂದು ಚಿಕ್ಕ ಹಲ್ಲುಚಕ್ರವುಂಟು. ಅದರ ಹಿಂದೊಂದು ಮುಂದೊಂದು ದೊಡ್ಡ ಹಲ್ಲುಚಕ್ರಗಳು ಯಾವಾಗಲೂ ಅದನ್ನು ಕಚ್ಚಿಕೊಂಡಿರುವುವು. ಮಜ್ಜಿಗೆ ಕಡೆಯುವಾಗ ಹಗ್ಗದ ಒಂದು ತುದಿಯು ಮುಂದೆ ಬಂದರೆ ಇನ್ನೊಂದು ಹಿಂದೆ ಸರಿಯುವುದಷ್ಟೆ? ಅಂತೆಯೇ ಈ ಎರಡು ಚಕ್ರಗಳು ಪರಸ್ಪರ ವಿರುದ್ಧವಾಗಿ ತಿರುಗುವುವು. ಪ್ರೊಪೆಲರಿನ ಅಚ್ಚು ಇವುಗಳೊಳಗೆ ಹಾದುಹೋಗಿದ್ದರೂ ಇವಕ್ಕೆ ಬಂಧಿತವಾಗಿಲ್ಲ. ಅಚ್ಚಿನ ಮೇಲೆ ಹಿಂದುಮುಂದಕ್ಕೆ ಜಾರಬಲ್ಲ, ಆದರೆ ಅಚ್ಚನ್ನು ಬಿಟ್ಟು ತಿರುಗಲಾರದ ಉಕ್ಕಿನ ಬಿಲ್ಲೆಯೊಂದುಂಟು; ಇದೇ ಕ್ಲಚ್ಚು. ಇದರ ಹಲ್ಲುಗಳು ಒಂದು ಚಕ್ರವನ್ನು ಹಿಡಿದರೆ ಮುನ್ನಡೆ. ಇನ್ನೊಂದನ್ನು ಹಿಡಿದರೆ ಹಿನ್ನಡೆ. ಯಾವುದನ್ನೂ ಹಿಡಿಯದೆ ನಡುವೆ ನಿಂತರೆ ತಟಸ್ಥ.

ಮೋಟಾರುಕಾರಿನ ಕ್ಲಚ್ಚಿನಂತೆ ಇದು ಉಜ್ಜಿಕೊಳ್ಳುತ್ತ ಕ್ರಮವಾಗಿ ಕೂಡಿಕೊಳ್ಳುವಂಥದಲ್ಲ. ಹಲ್ಲಿಗೆ ಹಲ್ಲು ಸಿಕ್ಕಬೇಕು. ಆದುದರಿಂದ ಎಂಜಿನ್ನಿನ ವೇಗವನ್ನು ಪೂರ್ತಿಯಾಗಿ ತಗ್ಗಿಸಿ, ಅನಂತರ ಹಿಡಿಯನ್ನು ಅನುಮಾನಿಸದೆ ಒಂದೇ ಸಲಕ್ಕೆ ಸರಿಸತಕ್ಕದ್ದು. ಯಂತ್ರಕ್ಕೆ ನೋವಾದೀತೆಂದು ಮೆಲ್ಲಮೆಲ್ಲನೆ ಸರಿಸುವವರು ಹಲ್ಲಿನ ಅಂಚುಗಳನ್ನು ಸವೆಯಿಸುವರು. ಸವೆದ ಹಲ್ಲು ಭಾರ ಬಿದ್ದಾಗ ಹಿಡಿತ ತಪ್ಪಿ ಜಾರುವುದು. ಅಳಿವೆಯ ಅಲೆಗಳ ನಡುವೆ ಹೀಗಾದರೆ ದೋಣಿಯ ಗತಿಯೇನು?

ಇನ್ನೊಂದು ಮಾತು. ತಟಸ್ಥನೆಂದರೆ ತಟದಲ್ಲಿ, ಅಂದರೆ ದಡದಲ್ಲಿ, ನಿಂತವನೆಂದು ಶಬ್ದಾರ್ಥ. ಅವನಿಂದ ಯಾರಿಗೂ ಭಯವಿಲ್ಲ. ಯಂತ್ರದ ತಟಸ್ಥಸ್ಥಿತಿಯು ಅಂಥದಲ್ಲ. ಎಂಜಿನ್ನೂ ಆ ಚಕ್ರಗಳೂ ತಿರುಗುತ್ತಲೇ ಇರುವುವು. ಯಾರ ಕೈಯಾದರೂ ಹಿಡಿಗೆ ತಾಗಿದರೆ ಸಾಕು, ಪ್ರೊಪೆಲರು ಸುತ್ತತೊಡಗುವುದು. ಆದಕಾರಣ ದೋಣಿಯ ಸಮೀಪದ ನೀರಿನಲ್ಲಿ ಮಕ್ಕಳಾಗಲಿ ದೊಡ್ಡವರಾಗಲಿ ಇರುವಾಗ ಎಂಜಿನ್ನನ್ನು ಆರಿಸಿಯೇ ಬಿಡಬೇಕು. ದೋಣಿಯು ನಿಂತುದನ್ನು ಕಂಡು ಅಪಾಯವೂ ನಿಂತಿತೆಂದು ಭಾವಿಸಲಾಗದು.