ಆಟ ನಿಂತಿತು, ಆಡಿದವರ ಮಾಹಿತಿ ಎಲ್ಲಿ?

2025ರ ಆಗಸ್ಟ್‌ನಲ್ಲಿ ಸಂಸತ್ತಿನ ಎರಡೂ ಸದನಗಳು ಎರಡೇ ದಿನದಲ್ಲಿ ಮಸೂದೆ ಪಾಸು ಮಾಡಿ, ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳಿಗೆ ಬೀಗ ಹಾಕಿದವು. ಆಮೇಲೆ ನಾವು ಮಾತಾಡಿದ್ದೆಲ್ಲ ಹೋದ ಕೆಲಸಗಳ ಬಗ್ಗೆ, ನಿಂತ ತೆರಿಗೆಯ ಬಗ್ಗೆ, ಕ್ರಿಕೆಟ್ ತಂಡದ ಜೆರ್ಸಿಯಿಂದ ಮಾಯವಾದ ಪ್ರಾಯೋಜಕರ ಹೆಸರಿನ ಬಗ್ಗೆ. ಆಡಿದವರ ಮಾಹಿತಿ ಏನಾಯಿತೆಂದು ಕೇಳಿದವರು ವಿರಳ. ಈ ಉದ್ಯಮದ ಕೆಲವು ದೊಡ್ಡ ಕಚೇರಿಗಳು ಬೆಂಗಳೂರಿನಲ್ಲೇ ಇದ್ದವು; ನಾವಾದರೂ ಕೇಳಬೇಕಿತ್ತು.

ಗೆದ್ದ ಹಣ ಕೈಗೆ ಬರಲು ಪ್ಯಾನ್, ಗುರುತಿನ ಚೀಟಿ, ಬ್ಯಾಂಕ್ ಖಾತೆ ಕೊಡಬೇಕಿತ್ತು. ಅದಿರಲಿ, ನಿವ್ವಳ ಗೆಲುವಿನಲ್ಲಿ ಶೇ 30ರಷ್ಟು ತೆರಿಗೆ ಮುರಿದುಕೊಳ್ಳಬೇಕೆಂದು ಕಾನೂನೇ ಹೇಳುತ್ತಿತ್ತು. ನನ್ನ ತಕರಾರು ಆಟಗಾರ ಕೈಯಾರೆ ಕೊಡದೆಯೂ ಹೋದ ಮಾಹಿತಿಯದು. ಎಷ್ಟು ಹೊತ್ತಿನ ತನಕ ನಿದ್ದೆಗೆಟ್ಟು ಆಡಿದ, ಸೋತ ಎಷ್ಟು ನಿಮಿಷಕ್ಕೆ ಮತ್ತೆ ದುಡ್ಡು ಹಾಕಿದ, ಸಂಬಳದ ವಾರ ಎಷ್ಟು, ತಿಂಗಳ ಕೊನೆಗೆ ಎಷ್ಟು, ಯಾವ ಬೋನಸ್ಸಿನ ಆಸೆಗೆ ಮರಳಿ ಬಂದ? ಸರ್ವರಿನಲ್ಲಿ ದಾಖಲಾದ ಹೊತ್ತು, ಮೊತ್ತಗಳನ್ನು ಜೋಡಿಸಿದರೆ ಇಷ್ಟೂ ಹೊರಬೀಳುತ್ತದೆ. ಮನೆಯವರಿಗೂ ಹೇಳದ ಚಟ ಅಲ್ಲಿ ತಾರೀಖು ಸಮೇತ ಕೂತಿರುತ್ತದೆ. ಸಾಲದ ಆ್ಯಪ್‌ನವರಿಗೆ ಇಂಥ ಪಟ್ಟಿ ಸಿಕ್ಕರೆ ಇನ್ನೇನು ಬೇಕು?

ಉದ್ದೇಶ ಮುಗಿದ ಮೇಲೆ ಮಾಹಿತಿ ಅಳಿಸಬೇಕು ಎನ್ನುತ್ತದೆ 2023ರ ದತ್ತಾಂಶ ಸಂರಕ್ಷಣಾ ಕಾಯ್ದೆ. ಆದರೆ 2025ರ ನವೆಂಬರಿನಲ್ಲಿ ಪ್ರಕಟವಾದ ನಿಯಮಗಳು 50 ಲಕ್ಷ ಅಥವಾ ಹೆಚ್ಚು ಬಳಕೆದಾರರಿರುವ ಆನ್‌ಲೈನ್ ಆಟದ ಸಂಸ್ಥೆಗಳಿಗೆ ಮೂರು ವರ್ಷದ ವಾಯಿದೆ ಕೊಟ್ಟಿವೆ. ಅದೂ ಸಾಲದೆಂಬಂತೆ, ಮುಖ್ಯ ಕಟ್ಟಳೆಗಳು ಜಾರಿಯಾಗುವುದೇ ನಿಯಮ ಪ್ರಕಟವಾದ 18 ತಿಂಗಳ ನಂತರ. ಹಣದ ಆಟವನ್ನು ಎರಡು ದಿನದಲ್ಲಿ ನಿಲ್ಲಿಸಬಲ್ಲ ಸರ್ಕಾರಕ್ಕೆ ಅದರ ಕಡತ ಅಳಿಸಲು ಇಷ್ಟು ಸಾವಧಾನ ಏಕೆ?

ತೆರಿಗೆ ವ್ಯಾಜ್ಯಗಳಿವೆ, ತನಿಖೆಗಳಿವೆ, ದಾಖಲೆ ಬೇಕು ಎಂಬ ಸಮಜಾಯಿಷಿ ಬರುತ್ತದೆ. ಒಪ್ಪೋಣ. ಹಣ ಬಂದ, ಹೋದ ಲೆಕ್ಕ ಇಟ್ಟುಕೊಳ್ಳಲಿ. ಆದರೆ ಯಾರು ಯಾವ ಆಮಿಷಕ್ಕೆ ಬೀಳುತ್ತಾರೆಂಬ ವಿಂಗಡಣೆ ಯಾವ ತೆರಿಗೆ ಅಧಿಕಾರಿಗೆ ಬೇಕು? ಅದು ಬೇಕಾಗುವುದು ಅದೇ ಗಿರಾಕಿಗೆ ಇನ್ನೊಂದನ್ನು ಮಾರಲು ಹೊರಟವನಿಗೆ ಮಾತ್ರ. ಕೆಲವು ಸಂಸ್ಥೆಗಳು ಈಗ ಉಚಿತ ಆಟಗಳತ್ತ ಹೊರಳಿವೆ. ಹಳೆಯ ಮಾಹಿತಿ ಹೊಸ ವ್ಯವಹಾರಕ್ಕೆ ಬಂಡವಾಳವಾಗಬಾರದು. ಲೆಕ್ಕಪತ್ರ ಬಿಟ್ಟು ಉಳಿದದ್ದನ್ನು ಈಗಲೇ ಅಳಿಸಿ, ಅಳಿಸಿದ್ದಕ್ಕೆ ಲೆಕ್ಕಪರಿಶೋಧಕರ ದೃಢೀಕರಣ ಕೊಡಿ ಎಂದು ಕೇಂದ್ರ ಆದೇಶಿಸಬೇಕು.

ಆಡಿದವರಿಗೊಂದು ಮಾತು. ಫೋನಿನಿಂದ ಆ್ಯಪ್ ಕಿತ್ತುಹಾಕಿದರೆ ಖಾತೆ ಅಳಿಯುವುದಿಲ್ಲ. ಉಳಿದ ಹಣ ವಾಪಸ್ ಪಡೆದು, ಖಾತೆ ಮುಚ್ಚಿ ಮಾಹಿತಿ ಅಳಿಸಿ ಎಂದು ಸಂಸ್ಥೆಗೆ ಇಮೇಲ್ ಬರೆಯಿರಿ. ಉತ್ತರ ಬಂದರೆ ಜೋಪಾನವಾಗಿಡಿ, ಬಾರದಿದ್ದರೆ ಮತ್ತೆ ಬರೆಯಿರಿ.