ಕಲ್ಲಿದ್ದಲಿನೊಳಗಿನ ಉಂಗುರ

ಮೊನ್ನೆ ಭಾನುವಾರ ಬೋಡಕ್‌ದೇವ್‌ನಿಂದ ಮಗಳನ್ನು ಸಾಬರಮತಿ ಆಶ್ರಮಕ್ಕೆ ಕರೆದುಕೊಂಡು ಹೋಗಿದ್ದೆ. ಅಲ್ಲಿಂದ ಉತ್ತರಕ್ಕೆ ಸ್ವಲ್ಪ ದೂರ ಹೋದರೆ ಕಲ್ಲಿದ್ದಲು ಉರಿಸುವ ವಿದ್ಯುತ್ ಸ್ಥಾವರದ ಚಿಮಣಿಗಳು. ರಾಯಚೂರಿನವನಾದ ನನಗೆ ಅವನ್ನು ಕಂಡಾಗಲೆಲ್ಲ ಶಕ್ತಿನಗರ ನೆನಪಾಗುತ್ತದೆ. "ಹೊಗೀನ ಕಾಣವಲ್ದಲ್ಲ ಪಪ್ಪಾ, ಅಂದ್ರ ಏನೂ ಹೊರಗ ಬರವಲ್ದೇನು?" ಎಂದಳು ಮಗಳು.

ಕಣ್ಣಿಗೆ ಕಾಣದ್ದೂ ಬರುತ್ತದೆ. ಅದರಲ್ಲೊಂದು ನೈಟ್ರಿಕ್ ಆಕ್ಸೈಡ್. ಕಲ್ಲಿದ್ದಲಿನ ತೂಕದಲ್ಲಿ ಸುಮಾರು ಶೇ. 1ರಿಂದ 2ರಷ್ಟು ಸಾರಜನಕ ಇರುತ್ತದೆ. ಅದರ ಬಹುಪಾಲು ಪಿರಿಡಿನ್, ಪೈರೋಲ್ ಎಂಬ ಉಂಗುರಗಳಲ್ಲಿ ಇಂಗಾಲದ ಜೊತೆ ಕೂತಿದೆ. ಬೆಂಜೀನ್ ಉಂಗುರದ ಆರು ಇಂಗಾಲಗಳಲ್ಲಿ ಒಂದನ್ನು ಎಬ್ಬಿಸಿ ಸಾರಜನಕವನ್ನು ಕೂರಿಸಿದರೆ ಅದೇ ಪಿರಿಡಿನ್.

ಈ ಉಂಗುರ ಸುಲಭಕ್ಕೆ ಬಿಚ್ಚಿಕೊಳ್ಳುವುದಿಲ್ಲ. 1990ರಲ್ಲಿ ಸಿಡ್ನಿ ವಿಶ್ವವಿದ್ಯಾಲಯದ ಜಾನ್ ಮ್ಯಾಕಿ ಮತ್ತು ಸಂಗಡಿಗರು ಪಿರಿಡಿನ್ ಅನ್ನು ಶಾಕ್ ಟ್ಯೂಬಿನಲ್ಲಿ ಒಡೆದು ನೋಡಿದರು. ಕೊಳವೆಯಲ್ಲಿ ತೆಳು ಪರದೆ ಹರಿದು ಆಘಾತದ ಅಲೆ ನುಗ್ಗಿದಾಗ ಅನಿಲ ಕಣ್ಣು ಮಿಟುಕಿಸುವುದರೊಳಗೆ 1300–1800 ಕೆಲ್ವಿನ್‌ಗೆ ಏರುತ್ತದೆ. ಮೊದಲು ಸಾರಜನಕದ ಪಕ್ಕದ ಇಂಗಾಲದಿಂದ ಒಂದು ಹೈಡ್ರೋಜನ್ ಕಳಚುತ್ತದೆ. ಆಮೇಲೆ ಉಂಗುರ ತೆರೆದು ಹೈಡ್ರೋಜನ್ ಸಯನೈಡ್, ಅಸಿಟಿಲೀನ್ ಮುಂತಾದವು ಹೊರಬರುತ್ತವೆ.

ಅಭ್ಯಾಸಬಲದಿಂದ ಅರೇನಿಯಸ್ ಸಮೀಕರಣವನ್ನು ಎಕ್ಸೆಲ್‌ಗೆ ಹಾಕಿದೆ. ತಡೆಗೋಡೆ ಮೋಲ್‌ಗೆ 300 ಕಿಲೋಜೂಲ್ ಎಂದಿಟ್ಟುಕೊಂಡರೆ, 1400ರಿಂದ 1500 ಕೆಲ್ವಿನ್‌ಗೆ ಹೋಗುವಷ್ಟರಲ್ಲಿ ವೇಗ ಐದೂವರೆ ಪಟ್ಟು! ಉಷ್ಣತೆ ಏರಿದ್ದು ಮಾತ್ರ ಶೇ. 7.

ಬಾಯ್ಲರಿನಲ್ಲಿ ಆ ಸಯನೈಡ್ ಹೊರಬಿದ್ದ ಜಾಗದಲ್ಲಿ ಆಮ್ಲಜನಕ ಧಾರಾಳವಾಗಿದ್ದರೆ ನೈಟ್ರಿಕ್ ಆಕ್ಸೈಡ್ ಆಗುತ್ತದೆ. ಕೊರತೆಯಿದ್ದರೆ ಬಹಳಷ್ಟು ನಿರಪಾಯದ ಸಾರಜನಕ ಅನಿಲವಾಗಿ ಬಿಡುಗಡೆ ಹೊಂದುತ್ತದೆ. ಅದಕ್ಕೇ 'ಲೋ ನಾಕ್ಸ್' ಬರ್ನರುಗಳಲ್ಲಿ ಮೊದಲು ಕಡಿಮೆ ಗಾಳಿ, ಉಳಿದದ್ದು ಆಮೇಲೆ. ನಮ್ಮ ಮನೆ ಗ್ಯಾಸಿನ ಗಾಳಿ ತಿರುಪು ಸರಿಮಾಡುವ ಮೆಕ್ಯಾನಿಕ್‌ಗೂ ಗಾಳಿಯೇ ಆಯುಧ, ಆದರೆ ಅವನಿಗೆ ಬೇಕಾದದ್ದು ನೀಲಿ ಉರಿ.

2015ರ ಡಿಸೆಂಬರಿನಲ್ಲಿ ಕೇಂದ್ರ ಪರಿಸರ ಸಚಿವಾಲಯ ಸ್ಥಾವರಗಳ ವಯಸ್ಸು ನೋಡಿ ಘನಮೀಟರಿಗೆ 600, 300, 100 ಮಿಲಿಗ್ರಾಂ ಎಂದು ಮಿತಿ ಹಾಕಿತು. 2020ರಲ್ಲಿ ಆ 300 ಸಡಿಲಗೊಂಡು 450 ಆಯಿತು. ಬಾಯ್ಲರನ್ನು ಅರೆಬರೆ ನಡೆಸುವಾಗ 300ರೊಳಗೆ ಇರುವುದು ಕಷ್ಟ ಎಂಬುದು ಕಂಪನಿಗಳ ವಾದ. ಕಷ್ಟ ನಿಜ. ಸೌರವಿದ್ಯುತ್ ಹೆಚ್ಚಿದಷ್ಟೂ ಹಗಲಿನಲ್ಲಿ ಬಾಯ್ಲರ್‌ಗಳು ಅರೆಬರೆಯಾಗಿಯೇ ಓಡಬೇಕು. ಆದರೂ ಒಂದೇ ಸಲಕ್ಕೆ ಅರ್ಧದಷ್ಟು ಏರಿಸಿದ್ದು ನನಗಂತೂ ಒಪ್ಪಿಗೆಯಾಗಲಿಲ್ಲ.

ಮಗಳಿಗೆ ಇಷ್ಟೆಲ್ಲ ಹೇಳಲಿಲ್ಲ. "ಬರ್ತದವ್ವ, ಕಾಣಂಗಿಲ್ಲ ಅಷ್ಟ" ಎಂದೆ. ಅವಳು ಕಿಟಕಿಯ ಗಾಜು ಏರಿಸಿದಳು.